ಪಂಪ್‌ಸೆಟ್ಟಿನ ವಿದ್ಯುತ್ ಕೇಬಲನ್ನು ನೆಲದಲ್ಲಿ ಹೂಳುವ ಕ್ರಮ

ಕೊಳವೆ ಬಾವಿ ಒಂದು ಕಡೆ, ಸ್ಟಾರ್ಟರ್ ಪೆಟ್ಟಿಗೆ ಇನ್ನೊಂದು ಕಡೆ ಇರುವುದು ನಮ್ಮ ತೋಟಗಳಲ್ಲಿ ಸಾಮಾನ್ಯ. ಎರಡರ ನಡುವಿನ ವೈರನ್ನು ಬದುವಿನ ಮೇಲೆ ಎಳೆದೋ, ಕವೆಗೋಲುಗಳಿಗೆ ಕಟ್ಟಿಯೋ, ಇಲ್ಲವೆ ಒಂದು ಗೇಣು ಮಣ್ಣು ಮುಚ್ಚಿಯೋ ಕೆಲಸ ಸಾಗಿಸುವ ರೂಢಿಯಿದೆ. ಈ ಮೂರರಲ್ಲಿ ಗೇಣು ಮಣ್ಣಿನಲ್ಲಿ ಮುಚ್ಚುವುದೇ ಹೆಚ್ಚು ಅಪಾಯಕಾರಿ. ಏಕೆಂದರೆ ಅಲ್ಲಿ ವೈರು ಇದೆಯೆಂಬುದನ್ನೇ ಜನ ಮರೆಯುತ್ತಾರೆ.

ಬೆಂಗಳೂರಿನ ಪಶ್ಚಿಮಕ್ಕಿರುವ ಲಗ್ಗೆರೆಯನ್ನೇ ತೆಗೆದುಕೊಳ್ಳಿ. ಯಶವಂತಪುರ ಹೋಬಳಿಗೆ ಸೇರಿದ ಈ ಗ್ರಾಮದ ಪಕ್ಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು, ಹೊರವರ್ತುಲ ರಸ್ತೆ ಹಾದುಹೋಯಿತು, ಹೊಲಗಳು ನಿವೇಶನಗಳಾದವು. ಇಂಥ ಕಡೆ ಹಳೆಯ ಬಾವಿ ರಸ್ತೆಯ ಈಚೆಗೂ ಉಳಿದ ತುಂಡು ತೋಟ ಆಚೆಗೂ ಆಗಿಬಿಡುತ್ತವೆ. ಹಿಂದೆ ಹೊಲದಲ್ಲಿ ಹೂತ ವೈರಿನ ಮೇಲೆ ಇಂದು ಲಾರಿ ಓಡಾಡಬಹುದು, ನಾಳೆ ಜೆಸಿಬಿ ಅಗೆಯಬಹುದು. ತಾವರೆಕೆರೆ, ನೆಲಮಂಗಲದ ಕಡೆಗೂ ಇದೇ ಬದಲಾವಣೆ ಬರುತ್ತಿದೆ. ಆದ್ದರಿಂದ ಕೇಬಲ್ ಹೂಳುವಾಗ ಇಂದಿನ ಹೊಲವನ್ನಲ್ಲದೆ ಮುಂದೆ ಅಲ್ಲಿ ಬರಬಹುದಾದ ರಸ್ತೆಯನ್ನೂ ಗಮನದಲ್ಲಿಡಬೇಕು.

ಪೈಪಿನೊಳಗೆ ವೈರು ಹಾಕಿದರೆ ಸಾಕು, ನೀರು ಸೇರದು ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ. ಕೀಲುಗಳನ್ನು ಎಷ್ಟೇ ಜೋಪಾನವಾಗಿ ಅಂಟಿಸಿದರೂ ಹೂತ ಪೈಪಿನೊಳಗೆ ಕಾಲಕ್ರಮದಲ್ಲಿ ನೀರು ಸೇರಿಯೇ ಸೇರುತ್ತದೆ. ಹಗಲು ರಾತ್ರಿಯ ಉಷ್ಣತೆಯ ವ್ಯತ್ಯಾಸದಿಂದ ಒಳಗಿನ ಗಾಳಿಯ ತೇವವೂ ಹನಿಗಟ್ಟುತ್ತದೆ. ಪೈಪು ಗುದ್ದಲಿಯ ಏಟನ್ನು ಸ್ವಲ್ಪ ತಡೆದೀತು, ಕೇಬಲನ್ನು ಬದಲಿಸಲು ಅನುಕೂಲ ಮಾಡಿಕೊಟ್ಟೀತು, ಅಷ್ಟೇ. ನೀರಿನಲ್ಲಿ ಇದ್ದರೂ ತಾಳುವ ಗುಣ ಕೇಬಲಿಗೇ ಇರಬೇಕು. ಮನೆಯ ಗೋಡೆಯೊಳಗೆ ಹಾಕುವ ಒಂಟಿ ಹೊದಿಕೆಯ ವೈರುಗಳನ್ನು ನೆಲದಡಿಯ ಪೈಪಿಗೆ ಎಳೆಯಲೇಬಾರದು. ಸಬ್‌ಮರ್ಸಿಬಲ್ ಪಂಪಿನ ಚಪ್ಪಟೆ ಕೇಬಲು ಬಾವಿಯ ನೀರಿಗೆ ತಕ್ಕದ್ದು ನಿಜ. ಆದರೆ ಮಣ್ಣಿನಲ್ಲಿ ನೇರವಾಗಿ ಹೂತರೆ ಕಲ್ಲಿನ ಒತ್ತಡಕ್ಕೂ ಹೆಗ್ಗಣದ ಹಲ್ಲಿಗೂ ಅದು ತಾಳದು. ಹೂಳುವುದಕ್ಕೆ ಐಎಸ್ 1554 ಅಥವಾ ಐಎಸ್ 7098ರ ಗುರುತುಳ್ಳ, ಉಕ್ಕಿನ ತಂತಿ ಇಲ್ಲವೆ ಪಟ್ಟಿಯ ಕವಚವಿರುವ ಆರ್ಮರ್ಡ್ ಕೇಬಲೇ ಯೋಗ್ಯವಾದುದು.

ಆಳದ ವಿಷಯದಲ್ಲಿ ಜಿಪುಣತನ ಕೂಡದು. ನೆಲದಡಿಯ ಕೇಬಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಪಂಪ್‌ಸೆಟ್ಟಿನಂಥ ಕಡಿಮೆ ವೋಲ್ಟೇಜಿನ ಕೇಬಲಿನ ಮೇಲ್ತುದಿ ನೆಲಮಟ್ಟದಿಂದ ಕನಿಷ್ಠ 75 ಸೆಂ.ಮೀ. ಕೆಳಗಿರಬೇಕು. ರಸ್ತೆ ದಾಟುವಲ್ಲಿ ಇದು 1 ಮೀಟರು. ಅಮೆರಿಕದ ಸಂಹಿತೆಯಲ್ಲಿ ಪಿವಿಸಿ ಪೈಪಿನೊಳಗಿನ ಕೇಬಲಿಗೆ ಸಾಮಾನ್ಯವಾಗಿ 18 ಅಂಗುಲ, ಅಂದರೆ ಸುಮಾರು 45 ಸೆಂ.ಮೀ. ಸಾಕು. ಅದನ್ನು ನೋಡಿ ನಮ್ಮಲ್ಲಿಯೂ ಅಷ್ಟೇ ಅಗೆಯುವುದು ತಪ್ಪು. ನೇಗಿಲು ಒಂದಡಿಯೊಳಗೇ ಓಡಾಡಿದರೂ ಗಟ್ಟಿ ಪದರ ಒಡೆಯುವ ಸಬ್‌ಸಾಯ್ಲರ್ 45 ಸೆಂ.ಮೀ. ಮುಟ್ಟುತ್ತದೆ, ಕೆಲವೊಮ್ಮೆ ಅದನ್ನೂ ದಾಟುತ್ತದೆ. ಜಮೀನು ಸಮ ಮಾಡುವಾಗ ಮೇಲ್ಮಣ್ಣು ಸರಿದರೆ ಇದ್ದ ಆಳವೂ ಕಡಿಮೆಯಾಗುತ್ತದೆ.

ಟ್ರೆಂಚನ್ನು 30 ಸೆಂ.ಮೀ. ಅಗಲ, ಸುಮಾರು 90 ಸೆಂ.ಮೀ. ಆಳ ತೋಡಿ, ತಳದ ಕಲ್ಲು ಬೇರುಗಳನ್ನು ತೆಗೆದು 8 ಸೆಂ.ಮೀ. ಮರಳು ಹಾಸಬೇಕು. ಕೇಬಲನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲವಾಗಿ ಮಲಗಿಸಿ ಮೇಲೆ ಮತ್ತೆ 8 ಸೆಂ.ಮೀ. ಮರಳು ಹಾಕಬೇಕು. ಅದರ ಮೇಲೆ ಇಟ್ಟಿಗೆಗಳನ್ನು ಅಡ್ಡಡ್ಡಲಾಗಿ ಒಂದಕ್ಕೊಂದು ತಾಗಿಸಿ ಜೋಡಿಸಬೇಕು. ಮೀಟರಿಗೆ ಸುಮಾರು 9 ಇಟ್ಟಿಗೆ ಹಿಡಿಯುತ್ತವೆ. ಇಟ್ಟಿಗೆಗೆ ಹಣ ದಂಡ ಎಂದು ಕೆಲವರು ಹೇಳುವುದುಂಟು. ಅಗೆಯುವವನ ಹಾರೆ ಇಟ್ಟಿಗೆಗೆ ತಗುಲಿದಾಗಲೇ ಅವನಿಗೆ ಎಚ್ಚರಿಕೆ ಸಿಗುವುದು. ಅರ್ಧ ಮಣ್ಣು ತುಂಬಿದ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಸಿದರೆ ಇನ್ನೂ ಒಳ್ಳೆಯದು. ನೀರಿನ ಪೈಪನ್ನು ಇದೇ ಟ್ರೆಂಚಿನಲ್ಲಿ ಹಾಕಬಾರದು.

ರಸ್ತೆ, ಗಾಡಿದಾರಿ, ಕಾಲುವೆ ದಾಟುವಲ್ಲಿ ಕೇಬಲನ್ನು ಗಟ್ಟಿ ಪೈಪಿನೊಳಗೆ ಹಾಯಿಸಬೇಕು. ನೆಲದಲ್ಲಿ ಹೂಳಲೆಂದೇ ಮಾಡಿದ ಎರಡು ಪದರದ ಡಿಡಬ್ಲ್ಯೂಸಿ ಪೈಪುಗಳು ಐಎಸ್ ಗುರುತಿನೊಡನೆ ದೊರೆಯುತ್ತವೆ. ಪೈಪಿನ ಒಳವ್ಯಾಸ ಕೇಬಲಿನ ದಪ್ಪದ ಒಂದೂವರೆ ಪಟ್ಟಾದರೂ ಇರಲಿ. ತುದಿಗಳನ್ನು ಮುಚ್ಚದಿದ್ದರೆ ಇಲಿ ಒಳಸೇರುತ್ತದೆ. ಮೊಣಕೈಯಂಥ ಚೂಪು ತಿರುವು ಬೇಡ. ಕೇಬಲಿನ ಬಾಗು ಅದರ ದಪ್ಪದ 12 ಪಟ್ಟಿಗಿಂತ ಕಡಿಮೆ ತ್ರಿಜ್ಯದ್ದಾಗಬಾರದು. ಸಾರ್ವಜನಿಕ ರಸ್ತೆಯಾದರೆ ಪಾಲಿಕೆ ಅಥವಾ ಪಂಚಾಯಿತಿಯ ಅನುಮತಿ ಅವಶ್ಯ. ಲಗ್ಗೆರೆಯಂಥ ಬಡಾವಣೆಗಳ ನೆಲದಲ್ಲಿ ನೀರು, ಒಳಚರಂಡಿ, ದೂರವಾಣಿ, ವಿದ್ಯುತ್ ಎಲ್ಲವೂ ಇರುವುದರಿಂದ ಸಂಬಂಧಪಟ್ಟವರನ್ನು ವಿಚಾರಿಸದೆ ಗುದ್ದಲಿ ಹಾಕತಕ್ಕದ್ದಲ್ಲ.

ನೆಲದಡಿಯಲ್ಲಿ ಕೀಲು ಹಾಕಬೇಡಿ. ಟೇಪು ಸುತ್ತಿದ ಕೀಲು ಮೊದಲ ಮಳೆಗಾಲ ಕಳೆದೀತು, ಎರಡನೆಯದು ಅನುಮಾನ. ಒಂದೇ ಅಖಂಡ ತುಂಡನ್ನು ಕೊಳ್ಳಬೇಕು. ದಪ್ಪದಲ್ಲಿಯೂ ಉಳಿತಾಯ ಬೇಡ. 5 ಅಶ್ವಶಕ್ತಿಯ ಮೂರು ಫೇಸಿನ ಪಂಪು 10 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. 100 ಮೀಟರು ದೂರಕ್ಕೆ 4 ಚದರ ಮಿ.ಮೀ. ತಾಮ್ರದ ಕೇಬಲಿನಲ್ಲಿ ಸುಮಾರು 8 ವೋಲ್ಟು ನಷ್ಟವಾಗುತ್ತದೆ, 1.5 ಚದರ ಮಿ.ಮೀ.ಯದರಲ್ಲಿ ಸುಮಾರು 21 ವೋಲ್ಟು. ಮೊದಲೇ ವೋಲ್ಟೇಜು ಕಡಿಮೆಯಿರುವ ಲೈನಿನಲ್ಲಿ ಮೋಟಾರು ಸುಡಲು ಇದೂ ಒಂದು ಕಾರಣ.

ಕೇಬಲಿನ ಉಕ್ಕಿನ ಕವಚವನ್ನು ಎರಡೂ ತುದಿಯಲ್ಲಿ ಗ್ಲ್ಯಾಂಡ್ ಮೂಲಕ ಅರ್ತಿಂಗಿಗೆ ಸೇರಿಸಬೇಕು. ಬಾವಿಯ ಕಬ್ಬಿಣದ ಕೇಸಿಂಗೇ ಅರ್ತ್ ಎಂದು ಬಿಡಬಾರದು. ಸೋರಿಕೆ ಕಂಡೊಡನೆ ಲೈನು ಕಡಿಯುವ ಸ್ವಿಚ್ಚನ್ನೂ ಅಳವಡಿಸುವುದು ಅಗತ್ಯ. ದನದ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಮನುಷ್ಯನ ಹೆಜ್ಜೆಗಿಂತ ಹೆಚ್ಚು. ನೆಲದಲ್ಲಿ ವಿದ್ಯುತ್ತು ಸೋರುತ್ತಿದ್ದರೆ ಆ ಕಾಲುಗಳ ನಡುವಿನ ವೋಲ್ಟೇಜೂ ಹೆಚ್ಚು, ಅದು ಹಾಯುವ ದಾರಿಯಲ್ಲಿ ಹೃದಯವೂ ಇರುತ್ತದೆ. ಮನುಷ್ಯನಿಗೆ ಬರಿಯ ಜುಮ್ಮೆಂದ ಜಾಗದಲ್ಲಿ ಎತ್ತು ಸಾಯುವುದು ಹೀಗೆ. ಒದ್ದೆ ನೆಲದಲ್ಲಿ ದನ ಮುಂದಡಿ ಇಡಲು ಹೆದರಿದರೆ ಹೊಡೆದು ನಡೆಸದೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ.

ಆಟೋ ಸ್ಟಾರ್ಟರ್ ಇರುವ ಕಡೆ ಕರೆಂಟು ಬಂದೊಡನೆ ಲೈನು ತಾನೇ ಚಾಲೂ ಆಗುತ್ತದೆ. ಕೇಬಲು ಮುಟ್ಟುವ ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಅಗೆತ, ಮರಳು, ಇಟ್ಟಿಗೆಯ ಕೆಲಸವನ್ನು ರೈತರೇ ಮಾಡಿಕೊಳ್ಳಬಹುದು. ಜೋಡಣೆ ಮತ್ತು ಪರೀಕ್ಷೆಯನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು ನಿಯಮ. ಮಣ್ಣು ಮುಚ್ಚುವ ಮುನ್ನ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ 500 ವೋಲ್ಟಿನ ಮೆಗ್ಗರ್ ಹಿಡಿಸಿ. ಓದು 1 ಮೆಗಓಮಿಗಿಂತ ಕಡಿಮೆ ಬಂದರೆ ಕರೆಂಟು ಕೊಡಬಾರದು.

ಕೇಬಲು ಹೋದ ದಾರಿಯುದ್ದಕ್ಕೂ, ಮುಖ್ಯವಾಗಿ ತಿರುವುಗಳಲ್ಲಿ, ಗುರುತಿನ ಕಲ್ಲು ನೆಡಿ. ಬದು, ಮರ, ಬಾವಿಗಳಿಂದ ಇರುವ ದೂರವನ್ನು ಅಳೆದು ಒಂದು ನಕ್ಷೆ ಬರೆದು, ಹೂತ ತಾರೀಖು ಮತ್ತು ಮೆಗ್ಗರಿನ ಓದನ್ನು ಅದರಲ್ಲೇ ನಮೂದಿಸಿ. ಒಂದು ಪ್ರತಿಯನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ, ಇನ್ನೊಂದನ್ನು ಪಹಣಿ ಕಾಗದಗಳ ಜೊತೆ ಇಟ್ಟುಕೊಳ್ಳಿ. ಜಮೀನು ಮಾರುವ ದಿನ ಬಂದರೆ ಕೊಳ್ಳುವವರಿಗೆ ಅದನ್ನೂ ಕೊಡಬೇಕು.