ಗಿಡಮರಗಳ ಸೊನೆಯಿಂದ ಏಳುವ ಬೊಕ್ಕೆ ಮತ್ತು ದದ್ದು: ಮನೆಯವರು ಮಾಡಬೇಕಾದ ಆರೈಕೆ

ಹೊಲ, ತೋಟ, ಬೇಲಿ, ಕಾಡಂಚು ಇವು ರೈತ ದಂಪತಿಗಳ ದಿನನಿತ್ಯದ ದುಡಿಮೆಯ ಸ್ಥಳಗಳು. ಅನ್ನ ಕೊಡುವ ಈ ನೆಲದಲ್ಲಿಯೇ ಚರ್ಮವನ್ನು ಕೆರಳಿಸುವ ಸಸ್ಯಗಳೂ ಬೆಳೆಯುತ್ತವೆ. ಇವುಗಳಿಂದಾಗುವ ತೊಂದರೆಯು ಸರಿಯಾದ ಆರೈಕೆಯಿಂದ ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ವಾಸಿಯಾಗತಕ್ಕದ್ದು. ಆರೈಕೆ ತಪ್ಪಿದರೆ ಬೊಕ್ಕೆ ಕೀವುಗಟ್ಟಿ ಕೂಲಿ ತಪ್ಪುವುದು. ಸೊನೆ ಕಣ್ಣಿಗೆ ಬಿದ್ದರಂತೂ ದೃಷ್ಟಿಗೇ ಅಪಾಯ. ಆದುದರಿಂದ ಈ ಪಾಠವನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಓದಬೇಕು; ಓದಲು ಬಾರದವರಿಗೆ ಓದಿ ಹೇಳಬೇಕು.

ಯಾವ ಗಿಡ, ಯಾವ ತೊಂದರೆ?

1. ಗೇರಿನ ಜಾತಿ: ಕರಿಗೇರು (ಭಲ್ಲಾತಕ), ಮಲೆನಾಡಿನ ಹೊಲಗೇರು, ಗೋಡಂಬಿಯ ಹಸಿ ಸಿಪ್ಪೆ. ಹಿಂದೆ ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದು ಕರಿಗೇರಿನ ರಸದಿಂದಲೇ. ಈ ರಸ ತಾಗಿದಲ್ಲಿ ಚರ್ಮ ಕೆಂಪಾಗಿ, ಊದಿ, ನೀರು ತುಂಬಿದ ಬೊಕ್ಕೆಗಳೇಳುತ್ತವೆ.

2. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಕಳೆ ಇಂದು ನಮ್ಮ ಬೀಳು ಭೂಮಿ, ರಸ್ತೆಯಂಚುಗಳಲ್ಲೆಲ್ಲ ಹಬ್ಬಿದೆ. ಇದರ ಒಣ ಪುಡಿ ಗಾಳಿಯಲ್ಲಿ ಹಾರಿ ಬಂದು ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ತರುತ್ತದೆ. ವರ್ಷಗಟ್ಟಲೆ ಕಾಡಿದರೆ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ.

3. ತುರಿಕೆ ಗಿಡ ಮತ್ತು ನಸುಗುನ್ನಿ. ಇವುಗಳ ಸಣ್ಣ ರೋಮಗಳು ಚರ್ಮಕ್ಕೆ ಚುಚ್ಚಿ ಒಡನೆಯೇ ಉರಿ, ತುರಿಕೆ ಉಂಟುಮಾಡುತ್ತವೆ.

4. ಕಳ್ಳಿ ಮತ್ತು ಎಕ್ಕದ ಹಾಲು. ಕಣ್ಣಿಗೆ ಬಿದ್ದರೆ ಬಹು ಅಪಾಯಕರ.

ಬೊಕ್ಕೆ ತಡವಾಗಿ ಏಳುವುದೇಕೆ?

ಗೇರಿನ ರಸ ತಾಗಿದ ದಿನವೇ ಬೊಕ್ಕೆ ಏಳಬೇಕೆಂದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನಗಳ ತರುವಾಯ ಏಳುತ್ತದೆ. ಆ ವೇಳೆಗೆ ಮರ ಕಡಿದದ್ದು ಮರೆತುಹೋಗಿ, ‘ದೃಷ್ಟಿ ತಾಗಿದೆ’, ‘ಮರ ಮುನಿದಿದೆ’ ಎಂದು ಹರಕೆ ಹೊರುವುದುಂಟು. ನಿಜವಾದ ಕಾರಣ ಬೇರೆ. ಒಮ್ಮೆ ಆ ರಸದ ಪರಿಚಯವಾದ ಶರೀರವು ಮತ್ತೆ ಅದು ತಾಗಿದಾಗ ಅತಿಯಾಗಿ ಪ್ರತಿಕ್ರಿಯೆ ತೋರುತ್ತದೆ. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಎಲ್ಲರ ಶರೀರವೂ ಒಂದೇ ಬಗೆಯದಲ್ಲ. ಗಂಡನಿಗೆ ಏನೂ ಆಗದಿದ್ದರೂ ಹೆಂಡತಿಗೆ ಮೈಯೆಲ್ಲ ಏಳಬಹುದು.

ಬೊಕ್ಕೆಯ ನೀರು ಸೋಕಿದರೆ ರೋಗ ಅಂಟುವುದೆಂಬುದು ತಪ್ಪು ತಿಳಿವಳಿಕೆ. ಅಂಟುವುದು ಉಗುರು, ಬಟ್ಟೆ, ಕತ್ತಿಯ ಹಿಡಿಗಳಲ್ಲಿ ಉಳಿದ ಸೊನೆ. ಆದುದರಿಂದ ರೋಗಿಯನ್ನು ದೂರವಿಡಬೇಕಾಗಿಲ್ಲ. ಬಟ್ಟೆ, ಹತ್ಯಾರುಗಳನ್ನು ಸೋಪಿನಿಂದ ತೊಳೆಯಬೇಕು.

ತಕ್ಷಣ ಮಾಡಬೇಕಾದದ್ದು

ಸೊನೆ ತಾಗಿದೊಡನೆ, ಮನೆಗೆ ಬರುವವರೆಗೆ ಕಾಯದೆ, ಸೋಪು ಮತ್ತು ಹೇರಳವಾದ ತಣ್ಣೀರಿನಿಂದ ತೊಳೆಯಿರಿ. ಮೊದಲ ಕೆಲವು ನಿಮಿಷಗಳಲ್ಲಿ ತೊಳೆದರೆ ಲಾಭ ಹೆಚ್ಚು. ಉಗುರುಗಳ ಸಂದಿಯನ್ನು ಮರೆಯಬೇಡಿ. ಕೆಲಸ ಮುಗಿಸಿ ಬಂದ ತಂದೆಯಾಗಲಿ ತಾಯಿಯಾಗಲಿ ಕೈ ತೊಳೆದು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು, ಮೊಲೆಯೂಡಿಸಬಾರದು. ಹಸುಗೂಸಿನ ಚರ್ಮ ಬಹು ಮೃದು.

ನಸುಗುನ್ನಿಯ ರೋಮ ತಾಗಿದಾಗ ಉಜ್ಜಬೇಡಿ. ಅಂಟುವ ಪ್ಲಾಸ್ಟರ್ ಪಟ್ಟಿಯನ್ನು ಮೆಲ್ಲನೆ ಒತ್ತಿ ಕಿತ್ತು ರೋಮಗಳನ್ನು ತೆಗೆದು, ಅನಂತರ ತೊಳೆಯಿರಿ.

ಕಣ್ಣಿಗೆ ಹಾಲು ಬಿದ್ದರೆ ರೆಪ್ಪೆ ಬಿಡಿಸಿ, ಶುದ್ಧ ನೀರನ್ನು ಎಡೆಬಿಡದೆ ಕನಿಷ್ಠ 15 ನಿಮಿಷ ಹರಿಸಿ. ಎದೆಹಾಲು, ಹರಳೆಣ್ಣೆ, ಅಂಗಡಿಯ ಕಣ್ಣಿನ ಹನಿಗಳನ್ನು ಹಾಕಬೇಡಿ. ನೋವು ಕಡಿಮೆಯಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಬೊಕ್ಕೆ ಎದ್ದ ಮೇಲಿನ ಆರೈಕೆ

ಶುದ್ಧ ಹತ್ತಿ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ದಿನಕ್ಕೆ ಮೂರು ನಾಲ್ಕು ಬಾರಿ 15 ರಿಂದ 20 ನಿಮಿಷ ಹಾಸಿ. ತುರಿಕೆಗೆ ಕ್ಯಾಲಮೈನ್ ದ್ರಾವಣ ಹಚ್ಚಬಹುದು. ಬೊಕ್ಕೆಯನ್ನು ಸೂಜಿಯಿಂದ ಚುಚ್ಚಬೇಡಿ. ಅದರ ಮೇಲಿನ ಚರ್ಮವೇ ಉತ್ತಮ ಪಟ್ಟಿ. ತಾನಾಗಿ ಒಡೆದರೆ ತೊಳೆದು, ಶುಭ್ರವಾದ ಬಟ್ಟೆ ಮುಚ್ಚಿರಿ. ಮಕ್ಕಳ ಉಗುರು ಕತ್ತರಿಸಿ.

ಸಗಣಿ, ಬೂದಿ, ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ. ಅಂಗಡಿಯವರು ಕೊಡುವ ತುರಿಕೆಯ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ವೈದ್ಯರ ಸಲಹೆಯಿಲ್ಲದೆ ಹಚ್ಚಿದರೆ, ಮುಖ್ಯವಾಗಿ ಮುಖಕ್ಕೆ, ಹಾನಿ. ಗರ್ಭಿಣಿಯರು ಮತ್ತು ಮೊಲೆಯೂಡಿಸುವ ತಾಯಂದಿರು ಮಾತ್ರೆ ನುಂಗುವ ಮುನ್ನ ತಮ್ಮ ಸ್ಥಿತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಆಸ್ಪತ್ರೆಗೆ ಯಾವಾಗ?

ಮುಖ, ಕಣ್ಣು ಅಥವಾ ಗುಪ್ತಾಂಗ ಊದಿದಾಗ; ಮೈಯ ಬಹುಭಾಗಕ್ಕೆ ಹರಡಿದಾಗ; ಕೀವು, ಜ್ವರ ಬಂದಾಗ; ಮಗುವಿಗೆ ಆದಾಗ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆಮಾಡಿ.

ಒಂದು ಮುಖ್ಯ ಎಚ್ಚರಿಕೆ

ಬೇಡವಾದ ಗರ್ಭವನ್ನು ತೆಗೆಯಲು ಎಕ್ಕದ ಹಾಲು, ಚಿತ್ರಮೂಲದ ಬೇರುಗಳನ್ನು ಬಳಸಿ ಪ್ರಾಣ ಕಳೆದುಕೊಂಡ ತಾಯಂದಿರಿದ್ದಾರೆ. ಗಟ್ಟಿಯಾದ ಅಂಗೈಯನ್ನೇ ಸುಡುವ ವಸ್ತು ಗರ್ಭಕೋಶದ ಮೃದುವಾದ ಒಳಪೊರೆಯನ್ನು ಏನು ಮಾಡೀತೆಂದು ಯೋಚಿಸಿ. 1971ರ ಕಾಯಿದೆಯಂತೆ, ಕಾನೂನು ಹೇಳಿದ ಕಾರಣ ಮತ್ತು ಅವಧಿಗೆ ಒಳಪಟ್ಟು, ಅರ್ಹ ವೈದ್ಯರಿಂದ ಸುರಕ್ಷಿತ ಗರ್ಭಪಾತಕ್ಕೆ ಅವಕಾಶವಿದೆ. ಸಂಕೋಚಪಡದೆ, ಬೇಗನೆ, ದಂಪತಿಗಳಿಬ್ಬರೂ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಗರ್ಭ ನಿಲ್ಲದಂತೆ ತಡೆಯುವ ಸಾಧನಗಳೂ ಅಲ್ಲಿ ಉಚಿತವಾಗಿ ದೊರೆಯುತ್ತವೆ.

ತಡೆಯುವ ಬಗೆ

ಗೇರಿನ ಮರ ಕಡಿಯುವಾಗ, ಕಳೆ ಕೀಳುವಾಗ ತುಂಬುತೋಳಿನ ಅಂಗಿ, ಕೈಚೀಲ ಧರಿಸಿ. ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಿ. ಗೇರಿನ ಕಟ್ಟಿಗೆ, ಗೋಡಂಬಿ ಸಿಪ್ಪೆಗಳನ್ನು ಒಲೆಗೆ ಹಾಕಬೇಡಿ. ಆ ಹೊಗೆಯೂ ಕಣ್ಣು, ಶ್ವಾಸಕೋಶಗಳನ್ನು ಕೆರಳಿಸುತ್ತದೆ.

ಕೂಡಿ ಚರ್ಚಿಸಿರಿ

1. ನಿಮ್ಮ ಹೊಲ, ಹಿತ್ತಿಲುಗಳಲ್ಲಿ ಇಂಥ ಗಿಡಗಳು ಯಾವುವು? ಮಕ್ಕಳಿಗೆ ಅವನ್ನು ತೋರಿಸಿಕೊಟ್ಟಿರುವಿರಾ?
2. ಕೆಲಸದ ಜಾಗದಲ್ಲಿ ನೀರು, ಸೋಪು ಇವೆಯೇ?
3. ಕಣ್ಣಿಗೆ ಎಕ್ಕದ ಹಾಲು ಬಿದ್ದರೆ ಮೊದಲು ಮಾಡಬೇಕಾದದ್ದೇನು?