ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಹತ್ತನೇ ತರಗತಿಯ ಒಂದು ಪಾಠ

'ವಿದ್ಯುತ್ ಸಾಮರ್ಥ್ಯ' ಪಾಠಕ್ಕೆ ನನ್ನ ಗೇಮಿಂಗ್ ಕಂಪ್ಯೂಟರಿನ ಕಾಯಿಲೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಟೈಪ್ ಮಾಡುವಾಗ ತೆಪ್ಪಗಿರುತ್ತಿದ್ದ ಅದು, ಆಟ ಶುರುವಾದರೆ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು 'ಕರ್ನಲ್-ಪವರ್ 41' ಮಾತ್ರ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದರರ್ಥ, ಕಾರಣ ಅದರಲ್ಲಿಲ್ಲ.

ಗ್ರಾಫಿಕ್ಸ್ ಕಾರ್ಡ್ 12 ವೋಲ್ಟ್‌ನಲ್ಲಿ 240 ವ್ಯಾಟ್ ಬಳಸಿದರೆ ಪ್ರವಾಹವೆಷ್ಟು ಎಂದು ಕೇಳಿದೆ. 20 ಆಂಪಿಯರ್! ಮನೆಯ ದೊಡ್ಡ ಸಾಕೆಟ್‌ನ ಮಿತಿಯೇ 16 ಎಂದಾಗ ಮಕ್ಕಳು ಬೆರಗಾದರು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಈ ಹೊರೆ ತಾಳಲಿಲ್ಲ, ಧೂಳು ತೆಗೆದು ಹೊಸದನ್ನು ಹಾಕಿದೆ, ಸರಿಹೋಯಿತು ಎಂದು ಮುಗಿಸಿದೆ.

"ಸರ್, ಧೂಳಿನಿಂದ ಬಿಸಿಯಾಗಿದ್ದಿರಬಹುದಲ್ಲ? ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಹೇಗೆ ಗೊತ್ತು?"

ಎರಡನೇ ಬೆಂಚಿನ ಹುಡುಗಿ. ಉತ್ತರವಿರಲಿಲ್ಲ. ಮೂರು ವರ್ಷ ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಕಳೆದವನು ನಾನು! ಹಿಂದೆ ಕುಳಿತ ವೀಕ್ಷಕರ ಪೆನ್ನು ಓಡುತ್ತಿತ್ತು.

ಆ ರಾತ್ರಿ ಪ್ಲಗ್ ಕಿತ್ತು ಹಳೆಯ ಎಸ್‌ಎಂಪಿಎಸ್ ಮರಳಿ ಜೋಡಿಸಿದೆ. (ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು, ಕೆಪಾಸಿಟರ್‌ಗಳಲ್ಲಿ ಆವೇಶ ಉಳಿದಿರುತ್ತದೆ.) ಧೂಳಿಲ್ಲ, ತಾಪ 65 ಡಿಗ್ರಿ ದಾಟಲಿಲ್ಲ, ಆದರೂ ಹತ್ತೇ ನಿಮಿಷಕ್ಕೆ ರೀಸ್ಟಾರ್ಟ್. ನಾನು ಹೇಳಿದ್ದು ಸರಿಯಿತ್ತು, ಆದರೆ ಹೇಳಿದ ಹೊತ್ತಿಗೆ ಅದು ಊಹೆಯಷ್ಟೇ.

ಮರುದಿನದ ಪಾಠಯೋಜನೆಯಲ್ಲಿ ಮೊದಲ ಐದು ನಿಮಿಷ ಆಕೆಗೆ ಬಿಟ್ಟೆ. ಕಪ್ಪುಹಲಗೆಯ ಮೇಲೆ 'ಬದಲಿಸಿದ್ದು', 'ಬದಲಿಸದ್ದು' ಎಂದು ಎರಡು ಕಾಲಂ ಎಳೆದಳು.