ತೂಕದ ಮಷಿನ್ ಹೇಳುವುದು ಅರ್ಧ ಸತ್ಯ

ಹಳ್ಳಿ ಹುಡುಗರು ಗಟ್ಟಿ, ಪೇಟೆ ಹುಡುಗರು ಮೆತ್ತಗೆ ಎಂಬ ಲೆಕ್ಕ ಹಳೆಯದಾಯಿತು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಬೀಡಾ ಅಂಗಡಿಗೂ ಬೈಕಿನಲ್ಲೇ ಸವಾರಿ. ಅತ್ತ ಬೆಂಗಳೂರಿನ ಪಿ.ಜಿ. ಹುಡುಗ ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಎರಡನೇ ತಿಂಗಳಿಗೇ ನಾಪತ್ತೆ! ಹೆಂಗಸರ ಕಥೆಯೂ ಬೇರೆಯಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು, ಸುಮಾರು 17 ಮಂದಿ ತೂಕ ಸಾಲದವರು. ಎರಡೂ ಕಾಟ ಒಂದೇ ಬೀದಿಯಲ್ಲಿವೆ. ಹದಿನೆಂಟು ದಾಟಿದವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಮಷಿನ್ ಜತೆ ಟೇಪನ್ನೂ ಹಿಡಿಯಿರಿ.
ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 18.5ಕ್ಕಿಂತ ಕೆಳಗಿದ್ದರೆ ಸೊರಗಿದ ಮೈ. ಭಾರತೀಯರಿಗೆ 23 ದಾಟಿದರೇ ಎಚ್ಚರಿಕೆ. ಆದರೆ ಈ ಅಂಕಿಯೂ ಮೋಸ ಮಾಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರದೂ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನಮ್ಮವರು ಸಣ್ಣಗೆ ಕಂಡರೂ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ. ಹಾಗಾಗಿ ಸೊಂಟದ ಸುತ್ತಳತೆ ನೋಡಿಕೊಳ್ಳಿ: ಗಂಡಸರು 90 ಸೆಂ.ಮೀ., ಹೆಂಗಸರು 80 ಸೆಂ.ಮೀ. ದಾಟಬಾರದು. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುವವರೇ ಹೆಚ್ಚು.

2. ಓಡಿ ನೋಡಿ.
ನಸುಕಿನಲ್ಲಿ ಊರಾಚೆಯ ಡಾಂಬರು ರಸ್ತೆಗೆ ಹೋದರೆ ಪೊಲೀಸ್ ಕಾನ್‌ಸ್ಟೆಬಲ್ ಆಗಲು ಹೊರಟ ಹುಡುಗರು ಸಿಗುತ್ತಾರೆ. ಅರ್ಧದಷ್ಟು ಮಂದಿ ಬರಿಗಾಲಲ್ಲಿ. ಮುಂದೆ ಒಬ್ಬ ಬೈಕಿನಲ್ಲಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂಗುತ್ತಿರುತ್ತಾನೆ. ನೇಮಕಾತಿ ಪರೀಕ್ಷೆಯಲ್ಲಿ ಇವರು 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನೌಕರಿ ಬೇಡದವರಿಗೂ ಇದು ಒಳ್ಳೆಯ ಅಳತೆಗೋಲು. ಮೊದಲ ದಿನವೇ ಹಟ ಹಿಡಿಯಬೇಡಿ; ನಡೆದು ಓಡಿ, ಓಡಿ ನಡೆಯಿರಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಯ್ಕೆ ಪಟ್ಟಿ ಬಂದ ಮರುದಿನ ಓಟ ಬಿಡುವವರ ಹೊಟ್ಟೆ ಹೇಗಾಗುತ್ತದೆಂದು ನೀವೇ ನೋಡಿರುತ್ತೀರಿ.

3. ಕೂಲಿ ಮಾಡುವವರಿಗೆ ಓಟ ಬೋಧಿಸಬೇಡಿ.
ದಿನವಿಡೀ ಬಗ್ಗಿ ಕಳೆ ಕೀಳುವ ಹುಡುಗಿಗೆ ಬೇಕಿರುವುದು ಊಟ, ನಿದ್ದೆ ಮತ್ತು ರಕ್ತಪರೀಕ್ಷೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಏದುಸಿರು ಬಂದರೆ ಸೋಮಾರಿತನ ಎಂದು ಬೈಯುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

4. ದಂಡ, ಬಸ್ಕಿ ಸಾಕು.
ಮೈಸೂರಿನ ಗರಡಿಗಳಲ್ಲಿ ಪೈಲ್ವಾನರು ಮೈ ಕಟ್ಟಿದ್ದು ಇವುಗಳಿಂದಲೇ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ.

5. ಡಬ್ಬದ ಪ್ರೋಟೀನ್ ಪೌಡರ್ ಬಿಟ್ಟು ತಟ್ಟೆ ನೋಡಿ.
ಅನ್ನದ ಗುಡ್ಡ, ಮೇಲೆ ನೀರು ಸಾರು: ಹಳ್ಳಿ, ಪೇಟೆ, ಹಾಸ್ಟೆಲ್ ಎಲ್ಲೆಡೆ ಇದೇ ಕಥೆ. ಕಿಲೋ ತೂಕಕ್ಕೆ 0.83 ಗ್ರಾಂನಂತೆ, 60 ಕಿಲೋ ಇರುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಸುಮಾರು 7. ಹುರುಳಿಕಾಳಿನ ಸಾರಿಗೆ ಕಟ್ಟು ಮಾತ್ರ ಬಳಸದೆ ಕಾಳನ್ನೂ ಬಡಿಸಿಕೊಳ್ಳಿ. ಮುದ್ದೆ, ಜೋಳದ ರೊಟ್ಟಿ ಬಡವರ ಊಟ ಎಂದು ಮೂಗು ಮುರಿದು ಬೇಕರಿ ಪಫ್ಸ್ ತಿನ್ನುವುದು ಶುದ್ಧ ದಡ್ಡತನ.

6. ಸಕ್ಕರೆ ಕುಡಿಯಬೇಡಿ.
300 ಎಂ.ಎಲ್. ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಮಜ್ಜಿಗೆ ಇದೆಯಲ್ಲ!

7. ಹುಡುಗಿಯರಿಗೆ ಮೈದಾನ ಬಿಡಿ.
ಹತ್ತನೇ ಕ್ಲಾಸಿನವರೆಗೆ ಖೋಖೋ ಆಡಿದವಳ ಆಟ ಪಿಯುಸಿಗೆ ಬಂದಕೂಡಲೇ ನಿಲ್ಲುತ್ತದೆ. ನಗರದಲ್ಲಾದರೆ ಪಾರ್ಕು, ಓಪನ್ ಜಿಮ್ ಉಂಟು. ಹಳ್ಳಿಯಲ್ಲಿ ಶಾಲೆಯ ಬಯಲೊಂದೇ ಗತಿ, ಅದಕ್ಕೂ ಸಂಜೆ ಬೀಗ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ದಿನಾ ಸಂಜೆ ಒಂದು ಗಂಟೆ ಆ ಗೇಟು ಹುಡುಗಿಯರಿಗಾಗಿ ತೆರೆದಿರಲಿ, ಕಂಬಕ್ಕೊಂದು ದೀಪ ಹಾಕಿಸಿ.